ಮೊದಲ ತುತ್ತಿಗೆ ಮುನ್ನ

ಅಕ್ಷರ ಕೊಟ್ಟ ಗುರುವಿಗೆ, ಅನ್ನ ಕೊಟ್ಟ ತಾಯಿಗೆ, ಇವೆರಡನ್ನೂ ಒಂದೇ ಸೂರಿನಡಿ ಇಟ್ಟು ಕಾಪಾಡಿದ ಮೊಳಕಾಲ್ಮೂರಿನ ಆ ಮಣ್ಣು ಮಾಳಿಗೆಯ ಮನೆಗೆ ಮೊದಲು ತಲೆಬಾಗುತ್ತೇನೆ. ನಡುಮನೆಯ ಬೆಳಕಿಂಡಿಯಿಂದ ಇಳಿದು ನನ್ನ ಸ್ಲೇಟಿನ ಮೇಲೆ ಬಂದು ಕೂರುತ್ತಿದ್ದ ಬಿಸಿಲಿಗೆ, ಪಕ್ಕದ ಮನೆಯ ಮಗ್ಗದಿಂದ ಹಗಲೆಲ್ಲ ಕೇಳಿಬಂದು ನನ್ನ ಬಾಯಿಪಾಠಕ್ಕೆ ತಾಳ ಹಾಕುತ್ತಿದ್ದ ಲಾಳಿಯ ಸದ್ದಿಗೆ, ದೇವಸಮುದ್ರದಲ್ಲಿ ತಂದೆಯವರ ಸೈಕಲ್ಲನ್ನು ಕಾದ ಕೈಗಳಿಗೆ, ನಾನು ಕಣ್ಣಾರೆ ಕಾಣದಿದ್ದರೂ ನಮ್ಮ ಅಡುಗೆಮನೆಯಲ್ಲಿ ದಿನವೂ ಹೆಸರು ಹಿಡಿದು ನೆನೆಯುತ್ತಿದ್ದ ಗಡಿಹಳ್ಳಿಯ ಮಕ್ಕಳಿಗೆ ನನ್ನ ನಮಸ್ಕಾರಗಳು. ಉಪಕಾರ ಪಡೆದವರು ಮೊದಲು ಋಣವನ್ನು ಹೇಳಿ ಆಮೇಲೆ ಕಥೆ ಹೇಳಬೇಕೆಂದು ನನಗೆ ಪಾಠ ಹೇಳಿದ ಹಿರಿಯರು ಕಲಿಸಿದ್ದಾರೆ. ಹೇಳಿದ್ದೇನೆ, ಹೇಳಿ ತೀರುವಂಥದ್ದಲ್ಲ ಎಂಬುದನ್ನೂ ಬಲ್ಲೆ.

ಈಚೆಗೆ ನಾನು ಸಂಸ್ಕೃತ ಹೇಳಿಕೊಡುವ ಪಾಠಶಾಲೆಗೆ ಸಂಶೋಧನೆ ಮಾಡುವ ತರುಣಿಯೊಬ್ಬಳು ಬಂದಿದ್ದಳು. ಶಾಲಾ ಶಿಕ್ಷಕರಿಗೆ ತಮ್ಮ ವೃತ್ತಿಯಲ್ಲಿ ತೃಪ್ತಿ ಯಾವುದರಿಂದ ಉಂಟಾಗುತ್ತದೆ ಎಂಬುದು ಅವಳ ವಿಷಯ. ಸಂಬಳದಿಂದಲೇ, ಮನೆಗೆ ಹತ್ತಿರವಿರುವುದರಿಂದಲೇ, ಮೇಲಧಿಕಾರಿಯ ನಡೆನುಡಿಯಿಂದಲೇ, ಕಟ್ಟಡ ನೀರು ನೆರಳುಗಳಿಂದಲೇ, ಬಡ್ತಿಯಿಂದಲೇ ಎಂದು ಒಂದೊಂದಾಗಿ ಕೇಳಿದಳು. ಬಹಳ ವಿನಯದ ಹುಡುಗಿ. ನಾನು ಯಾವುದನ್ನೂ ಅಲ್ಲವೆನ್ನಲಿಲ್ಲ, ಅಲ್ಲವೆಂದರೆ ಸುಳ್ಳಾಗುತ್ತಿತ್ತು. ಹೌದೆನ್ನುವುದಕ್ಕೂ ಬಾಯಿ ಬರಲಿಲ್ಲ. ನನ್ನ ಮೌನವನ್ನು ವಯಸ್ಸಿನ ದಣಿವೆಂದು ತಿಳಿದು, ನೀರು ಕುಡಿದು, ಆಕೆ ನಮಸ್ಕಾರ ಮಾಡಿ ಹೋದಳು. ಅವಳು ಹೋದ ಮೇಲೆ ನನ್ನ ಕಣ್ಣ ಮುಂದೆ ಬಂದು ನಿಂತದ್ದು ನಮ್ಮ ಅಡುಗೆಮನೆ, ಅಲ್ಲಿ ತಟ್ಟೆಗಳ ಮೇಲೆ ಯಾರೂ ಮುಟ್ಟದೆ ಆರುತ್ತಿದ್ದ ಮುದ್ದೆ. ಅವಳಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ನೋಡುತ್ತೇನೆ.

ನಮ್ಮದು ಜಂಗಮರ ಮನೆ. ಬೀದಿಗೆ ಒಂದು ಕಲ್ಲುಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಈಶಾನ್ಯ ಮೂಲೆಗೆ ದೇವರ ಜಗಲಿ. ಮನೆಯಲ್ಲಿದ್ದವರು ತಂದೆಯವರು, ಅವ್ವ, ತಂದೆಯವರ ತಾಯಿಯಾದ ನಮ್ಮ ಅಜ್ಜಿ ಮತ್ತು ನಾನು. ತಂದೆಯವರು ದೇವಸಮುದ್ರದಾಚೆ ಆಂಧ್ರದ ಗಡಿಗೆ ತಾಗಿದ್ದ ಹಳ್ಳಿಯೊಂದರ ಚಿಕ್ಕ ಶಾಲೆಯಲ್ಲಿ ಮೇಷ್ಟ್ರು. ಅಲ್ಲಿ ಅವರ ಜೊತೆಗೆ ಇನ್ನೊಬ್ಬರು ಮಾತ್ರ ಇದ್ದರು. ಬೆಳಗಿನ ಪೂಜೆ ಮುಗಿಸಿ, ರೊಟ್ಟಿಯ ಬುತ್ತಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ದೇವಸಮುದ್ರಕ್ಕೆ ಹೋಗಿ, ಅಲ್ಲಿ ಬಾಷಾಸಾಬರ ಸೈಕಲ್ ರಿಪೇರಿ ಅಂಗಡಿಯಲ್ಲಿ ಬಿಟ್ಟಿರುತ್ತಿದ್ದ ತಮ್ಮ ಸೈಕಲ್ ಹತ್ತಿ ಜಾಲಿಗಿಡಗಳ ನಡುವಿನ ಹಾದಿಯನ್ನು ತುಳಿಯುತ್ತಿದ್ದರು. ಸಂಜೆ ಅದೇ ಹಾದಿ, ಅದೇ ಅಂಗಡಿ, ಅದೇ ಬಸ್ಸು. ಮನೆ ಸೇರುವಾಗ ಹುಬ್ಬಿನ ಮೇಲೂ ಕೆಂಧೂಳಿರುತ್ತಿತ್ತು. ಅವ್ವ ಬಚ್ಚಲಲ್ಲಿ ಬಿಸಿನೀರಿಟ್ಟು, ಪಂಚೆ ಕೊಟ್ಟು, ಏನನ್ನೂ ಕೇಳದೆ ಒಳಗೆ ಹೋಗುವಳು. ಕೇಳುವುದಕ್ಕೆ ಬೇರೆ ಹೊತ್ತಿತ್ತು.

ಆ ಹೊತ್ತೇ ನಮ್ಮ ಮನೆಯ ವಿಶೇಷ. ತಂದೆಯವರು ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಬಂದು ಕುಳಿತ ಮೇಲೆ ಅವ್ವ ನಾಲ್ವರಿಗೂ ಮುದ್ದೆ ಇಟ್ಟು ಹುರುಳಿ ಸಾರು ಬಡಿಸುವಳು. ಆದರೆ ಯಾರೂ ಮುಟ್ಟುವಂತಿರಲಿಲ್ಲ. ಆ ದಿನ ಶಾಲೆಯಲ್ಲಿ ಯಾವುದಾದರೂ ಒಂದು ಮಗು ಹೊಸದಾಗಿ ಕಲಿತ ಒಂದು ಸಂಗತಿಯನ್ನು ತಂದೆಯವರು ಹೇಳಬೇಕು. ಹೇಳಿದ ಮೇಲೆ ಮೊದಲ ತುತ್ತು. ದೇವರಿಗೆ ಅರ್ಪಿಸಿದ್ದು ಪ್ರಸಾದವಾಗಿ ಕೈಗೆ ಮರಳುವಂತೆ, ಹಗಲೆಲ್ಲ ಮಕ್ಕಳಿಗೆ ಕೊಟ್ಟದ್ದರಲ್ಲಿ ಒಂದು ಚಿಟಿಕೆ ಮನೆಗೆ ಮರಳಬೇಕೆಂಬುದು ಅವರ ಭಾವ. ಅಜ್ಜಿ ಇದಕ್ಕೆ "ಸಾಲೆ ಪ್ರಸಾದ" ಎಂದು ಹೆಸರಿಟ್ಟಿದ್ದಳು. ಅವಳಿಗೆ ಓದುಬರಹ ಬಾರದು. ಆದರೆ ಪ್ರಸಾದದ ತೂಕವನ್ನು ನಿರ್ಣಯಿಸುವವಳು ಅವಳೇ. ಗಂಗಪ್ಪನೆಂಬ ಹುಡುಗ ತನ್ನ ಮನೆಯ ಕುರಿಗಳನ್ನು ಬೆರಳು ಮಡಚದೆ ಎಣಿಸಿದನೆಂದರೆ ತಲೆದೂಗುವಳು. ಇಬ್ಬರು ಜಗಳವಾಡಿ ತಾವಾಗಿಯೇ ರಾಜಿಯಾದರು, ಅದೂ ಕಲಿಕೆಯೇ ಎಂದು ತಂದೆಯವರು ಜಾರಿಕೊಳ್ಳಲು ನೋಡಿದರೆ ಬಿಡುತ್ತಿರಲಿಲ್ಲ.

"ಇದು ಮುದ್ದೆಗೆ ಸಾಕು ಕಣೋ ಸಿದ್ಧಯ್ಯ. ಮಜ್ಜಿಗೆಗೆ ಇನ್ನೊಂದು ಹೇಳು."

ತಂದೆಯವರು ನಗುತ್ತ ಇನ್ನೊಂದನ್ನು ಹುಡುಕುವರು. ಅಜ್ಜಿಗೆ ಮಜ್ಜಿಗೆಯೆಂದರೆ ಪ್ರಾಣ. ಕಂಚಿನ ಬಟ್ಟಲಲ್ಲಿ ಮಜ್ಜಿಗೆ ಅನ್ನ ಕಲಸಿಕೊಂಡು, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು, ಕಣ್ಣು ಮುಚ್ಚಿ ಉಣ್ಣುತ್ತಿದ್ದಳು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಆ ಊರಿನ ಮಕ್ಕಳ ಮನೆಮಾತು ತೆಲುಗು. ಶಾಲೆಯ ಪುಸ್ತಕ ಕನ್ನಡ. ತಂದೆಯವರು ಮೊದಲ ವರ್ಷ ಪುಸ್ತಕವನ್ನು ಕಪಾಟಿನಲ್ಲಿಟ್ಟು ಮಕ್ಕಳನ್ನು ಹಳ್ಳದ ಮರಳಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ನಿಮ್ಮ ಮನೆಯಲ್ಲಿರುವ ಒಂದೊಂದು ವಸ್ತುವಿನ ಹೆಸರು ಹೇಳಿ ಎನ್ನುವರು. ಮಕ್ಕಳು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಕುರಿ ಕಾಯುವ ಕೋಲಿನಿಂದ ಮರಳ ಮೇಲೆ ಬರೆಯುವರು. ತನ್ನ ಬಾಯಿಂದ ಬಂದ ಮಾತು ನೆಲದ ಮೇಲೆ ಕುಳಿತಿರುವುದನ್ನು ಕಂಡ ಮಗು ಅದನ್ನು ಬಿಟ್ಟು ಹೋಗುವುದಿಲ್ಲ ಎಂದು ಅವರು ಅವ್ವನಿಗೆ ವಿವರಿಸುತ್ತಿದ್ದದ್ದನ್ನು ಕೇಳಿದ್ದೇನೆ. ಆ ಮಕ್ಕಳಲ್ಲಿ ತಿಪ್ಪಕ್ಕನೆಂಬ ಹುಡುಗಿ ಒಬ್ಬಳು. ಶಾಲೆಗೆ ಬರುವಳು, ಬಾಗಿಲ ಬಳಿ ಕೂರುವಳು, ಬಾಯಿ ಮಾತ್ರ ತೆರೆಯಳು. ಮನೆಯಲ್ಲಿ ಮಾತಾಡುತ್ತಾಳೆಂದು ತಾಯಿ ಆಣೆಯಿಟ್ಟು ಹೇಳುತ್ತಿದ್ದಳಂತೆ. ಆ ವರ್ಷದ ನಮ್ಮ ಮನೆಯ ಪ್ರಸಾದವೆಲ್ಲ ಹೆಚ್ಚುಕಡಿಮೆ ತಿಪ್ಪಕ್ಕನದೇ. ಇವತ್ತು ಒಂದು ಸಾಲು ಮುಂದೆ ಬಂದು ಕೂತಳು. ಇವತ್ತು ಗಂಗಪ್ಪ ಬಿದ್ದದ್ದನ್ನು ನೋಡಿ ನಕ್ಕಳು. ಇವತ್ತು ಕೋಲನ್ನು ಕೈಗೆ ತೆಗೆದುಕೊಂಡಳು, ಬರೆಯಲಿಲ್ಲ. ನಾನು ಅವಳನ್ನು ನೋಡಿರಲಿಲ್ಲ. ಆದರೂ ಅವಳ ಎಣ್ಣೆಯಿಲ್ಲದ ಜಡೆ, ಗದ್ದವನ್ನು ಮೊಣಕಾಲಿಗೆ ಊರಿ ಕೂರುವ ರೀತಿ ಎಲ್ಲವೂ ನನಗೆ ಗೊತ್ತಿದ್ದವು. ಶಾಲೆಯ ವರ್ಷ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ತಂದೆಯವರು ಧೂಳುಗಾಲಲ್ಲೇ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಪೂಜೆಯೂ ಆಗಿರಲಿಲ್ಲ.

"ಗೊರ್ರೆ ಅಂತ ಬರೆದ್ಲು. ಬರೆದು, ತಲೆ ಎತ್ತಿ, ಗಟ್ಟಿಯಾಗಿ ಓದಿದ್ಲು."

ಗೊರ್ರೆಯೆಂದರೆ ತೆಲುಗಿನಲ್ಲಿ ಕುರಿ. ಅವ್ವ ಬೆಲ್ಲದ ಡಬ್ಬಿ ಇಳಿಸಿ ಪಾಯಸಕ್ಕಿಟ್ಟಳು. ಅಂದು ಅಜ್ಜಿ ಮಜ್ಜಿಗೆಗೆ ಇನ್ನೊಂದನ್ನು ಕೇಳಲಿಲ್ಲ.

ಆ ಸಂತೋಷದ ಬೆನ್ನಿಗೇ ಬಿಸಿಲು ಬಂತು. ಒಂದು ಮಧ್ಯಾಹ್ನ ತಂದೆಯವರು ಹಾದಿಯಲ್ಲಿ ಸೈಕಲ್ಲಿನಿಂದ ಕುಸಿದುಬಿದ್ದರು. ಹೊಲದಿಂದ ಬರುತ್ತಿದ್ದವರು ಎತ್ತಿ ಬಾಷಾಸಾಬರ ಅಂಗಡಿಗೆ ತಂದರು; ಅವರು ನೀರು ತಟ್ಟಿ, ಅಂಗಡಿಗೆ ಬಾಗಿಲೆಳೆದು, ಬಸ್ಸಿನಲ್ಲಿ ತಾವೇ ಕೂರಿಸಿಕೊಂಡು ಮೊಳಕಾಲ್ಮೂರಿಗೆ ಕರೆತಂದರು. ಮಗನ ಕೆಂಪೇರಿದ ಮುಖವನ್ನೂ ತೊದಲುವ ನಾಲಗೆಯನ್ನೂ ಕಂಡ ಅಜ್ಜಿ ಅಳಲಿಲ್ಲ. ದೇವರ ಜಗಲಿಯ ಮುಂದೆ ಹೋಗಿ ನಿಂತು, ಸಿದ್ದಾಪುರದಾಚೆಯ ಬೆಟ್ಟದ ರಾಮೇಶ್ವರನಿಗೆ ಹರಕೆ ಹೊತ್ತಳು. ಮಗನಿಗೆ ನೆರಳಲ್ಲಿ ಕೂತು ಮಾಡುವ ಕೆಲಸವಾಗಲಿ. ಹಾಗಾದರೆ ತಾನು ಬೆಟ್ಟ ಹತ್ತಿಬಂದು ತುಪ್ಪದ ದೀಪ ಹಚ್ಚುವೆನು. ಹಚ್ಚುವವರೆಗೆ ಮಜ್ಜಿಗೆ ಮುಟ್ಟುವುದಿಲ್ಲ. ತನಗೆ ಅತ್ಯಂತ ಪ್ರಿಯವಾದದ್ದನ್ನು ಅಡವಿಟ್ಟು ಬೇಡುವುದು ನಮ್ಮ ಹಿರಿಯರ ಕ್ರಮ. ಅವಳಲ್ಲಿ ಅದಕ್ಕಿಂತ ಪ್ರಿಯವಾದದ್ದು ಬೇರೊಂದಿರಲಿಲ್ಲ, ಆ ಮಗನೊಬ್ಬನನ್ನು ಬಿಟ್ಟರೆ.

ದೇವರು ಬೇಗ ಕೇಳಿದ. ಬೇಸಿಗೆ ರಜೆ ಕಳೆದು ಶಾಲೆಗಳು ತೆರೆದ ಹೊಸದರಲ್ಲಿ, ಮೊಳಕಾಲ್ಮೂರಿನ ಶಿಕ್ಷಣ ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರ ಕಣ್ಣಿಗೆ ತಂದೆಯವರ ಕೈಬರಹ ಬಿತ್ತು. ತಂದೆಯವರ ಅಕ್ಷರ ನಿಜಕ್ಕೂ ಮುತ್ತು ಪೋಣಿಸಿದಂತಿತ್ತು; ನಮ್ಮ ಅಜ್ಜ ತಾಳೆಗರಿ ಓದಬಲ್ಲವರಾಗಿದ್ದು ಮಗನಿಗೆ ಬರಹವನ್ನು ಪೂಜೆಯಂತೆ ಕಲಿಸಿದ್ದರು. ಸಾಹೇಬರು ಸಜ್ಜನರು, ವಿದ್ಯಾಪಕ್ಷಪಾತಿಗಳು. ಇಂಥ ಅಕ್ಷರ ಹಳ್ಳಿಯ ಬೋರ್ಡಿನ ಮೇಲೆ ಬರೆದು ಒರೆಸಿಹೋಗುವುದು ಅನ್ಯಾಯವೆಂದು ಅವರಿಗೆ ಮನಃಪೂರ್ವಕ ಅನ್ನಿಸಿತು. ಸಂಬಳ ಶಾಲೆಯ ಹೆಸರಿನಲ್ಲೇ ಇದ್ದು ಕೆಲಸ ಮಾತ್ರ ಕಚೇರಿಯಲ್ಲಿ ಮಾಡುವ ನಿಯೋಜನೆ ಎಂಬ ಪದ್ಧತಿಯಿದೆ. ಅದರಂತೆ ತಂದೆಯವರಿಗೆ ಆದೇಶ ಬಂತು. ನಮ್ಮ ಮನೆಯಿಂದ ಕಚೇರಿಗೆ ನಡೆದೇ ಹೋಗಬಹುದು. ತಲೆಯ ಮೇಲೆ ಫ್ಯಾನು. ಹೊತ್ತಿಗೆ ಚಹಾ. ಶಾಲೆಯಲ್ಲಿ ಅವರ ಜಾಗಕ್ಕೆ ಯಾರೂ ಬರುವಂತಿರಲಿಲ್ಲ, ಏಕೆಂದರೆ ಕಾಗದದ ಪ್ರಕಾರ ಅವರು ಅಲ್ಲಿಯೇ ಇದ್ದರು. ಈ ಕೊನೆಯ ಮಾತಿನ ಅರ್ಥ ನಮಗಾರಿಗೂ ಅಂದು ಹೊಳೆಯಲಿಲ್ಲ. ತಂದೆಯವರಿಗೆ ಹೊಳೆದಿತ್ತೇನೋ.

ಸುದ್ದಿ ಕೇಳಿ ಚಳ್ಳಕೆರೆಯಿಂದ ದೊಡ್ಡಪ್ಪ ಬಂದರು. ಅವರು ಅಲ್ಲಿ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತರು. ಬರುವಾಗ ಕಡಲೆಕಾಯಿ ಎಣ್ಣೆಯ ಡಬ್ಬಿ ತರುವುದು, ಬಂದು ತೀರ್ಪು ಕೊಡುವುದು ಅವರ ರೂಢಿ. ತಮ್ಮನ ಮುಖದಲ್ಲಿ ಹರ್ಷ ಕಾಣದೆ ಅವರಿಗೆ ಸಿಟ್ಟೇ ಬಂತು. ಅದೇ ವಾರ ಬೇರೆ ಶಾಲೆಗಳ ಇಬ್ಬರು ಮೇಷ್ಟ್ರುಗಳು ನಮ್ಮ ಕಲ್ಲುಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಮಂಡಕ್ಕಿ ಮೆಲ್ಲುತ್ತ ತಂದೆಯವರನ್ನು ಅಭಿನಂದಿಸಿದರು. ಒಬ್ಬರ ಶಾಲೆಗೆ ಬಸ್ಸಿಲ್ಲ, ಇನ್ನೊಬ್ಬರ ಶಾಲೆಗೆ ನೀರಿಲ್ಲ. ಒಬ್ಬರ ಮುಖ್ಯೋಪಾಧ್ಯಾಯರ ನಾಲಗೆಗೆ ಲಗಾಮಿಲ್ಲ. ಜನಗಣತಿ, ಚುನಾವಣೆ, ದನದ ಲೆಕ್ಕ ಎಂದು ವರ್ಷವೆಲ್ಲ ಊರೂರು ಸುತ್ತಿಸುತ್ತಾರೆಂಬುದು ಇಬ್ಬರ ದೂರು. ಅವರ ಕಷ್ಟಗಳಲ್ಲಿ ಒಂದೂ ಸುಳ್ಳಲ್ಲ.

"ನಿಮ್ಮ ಪುಣ್ಯ ಸ್ವಾಮೇರೆ. ನೀವಿನ್ನು ಮೇಷ್ಟ್ರಲ್ಲ, ಮೇಷ್ಟ್ರುಗಳ ಮೇಷ್ಟ್ರು. ನಮ್ಮ ಬಿಲ್ಲು ಸ್ವಲ್ಪ ನೋಡ್ಕೊಳ್ರಪ್ಪ," ಎಂದರು ಒಬ್ಬರು.

"ಬಿಲ್ಲಷ್ಟೇ ಅಲ್ಲ, ಪಕ್ಕದಾಗೆ ಇನ್ನೊಂದು ಕುರ್ಚಿ ಖಾಲಿ ಐತೇನು, ಅದನ್ನೂ ನೋಡ್ರಿ," ಎಂದು ಇನ್ನೊಬ್ಬರು ನಕ್ಕರು.

ತಂದೆಯವರು ಕೈಮುಗಿದು ಅವರನ್ನು ಬೀಳ್ಕೊಟ್ಟರು. ಹೋಗುವಾಗ ಆ ಇಬ್ಬರ ಕಣ್ಣಲ್ಲಿದ್ದದ್ದು ಅಸೂಯೆಯಲ್ಲ, ಬಾಯಾರಿದವರು ಇನ್ನೊಬ್ಬರ ತಂಬಿಗೆಯನ್ನು ನೋಡುವ ನೋಟ. ಆ ತಂಬಿಗೆಯಲ್ಲಿ ನನ್ನ ಬಾಯಾರಿಕೆಯ ನೀರಿಲ್ಲವೆಂದು ಅವರಿಗೆ ಹೇಳುವುದಾದರೂ ಹೇಗೆ, ಹೇಳಿದರೆ ಅಹಂಕಾರವಾಗುವುದಿಲ್ಲವೇ ಎಂದು ತಂದೆಯವರು ಅವ್ವನನ್ನು ಕೇಳಿದರು. ಅವ್ವ ಮಂಡಕ್ಕಿಯ ತಟ್ಟೆಗಳನ್ನು ಒಳಗೆ ಒಯ್ದಳು.

ಕಚೇರಿಗೆ ಹೋದ ಮೊದಲ ಸಂಜೆ ಎಂದಿನಂತೆ ನಾಲ್ವರೂ ತಟ್ಟೆಯ ಮುಂದೆ ಕುಳಿತೆವು. ತಂದೆಯವರ ಬಟ್ಟೆಯಲ್ಲಿ ಧೂಳಿರಲಿಲ್ಲ. ಮುದ್ದೆಯಿಂದ ಹಬೆಯೇಳುತ್ತಿತ್ತು. ಎಲ್ಲರೂ ಕಾದೆವು. ಬಹಳ ಹೊತ್ತು ಯೋಚಿಸಿ ತಂದೆಯವರು, ಕಚೇರಿಗೆ ಇವತ್ತು ಹೊಸ ಕಬ್ಬಿಣದ ಬೀರು ಬಂತು ಎಂದರು.

"ಬಂದು ಏನ್ ಕಲೀತು ಅದು?" ಎಂದಳು ಅಜ್ಜಿ.

ನಾವೆಲ್ಲರೂ ನಕ್ಕೆವು, ತಂದೆಯವರೂ ನಕ್ಕರು. ಆದರೆ ಮರುದಿನವೂ ಅದೇ ಮೌನ ಬಂತು, ಅದರ ಮರುದಿನವೂ. ಪದ್ಧತಿಯನ್ನು ಮುರಿಯಲು ಯಾರಿಗೂ ಧೈರ್ಯವಿಲ್ಲ, ಪಾಲಿಸಲು ದಾರಿಯಿಲ್ಲ. ಮುದ್ದೆ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತಿತ್ತು. ಕೆಲವು ದಿನ ತಂದೆಯವರು ಹಳೆಯ ಪ್ರಸಾದವನ್ನೇ ಹೇಳಿ ನೋಡಿದರು. ಗಂಗಪ್ಪ ಎಣಿಸಿದ್ದು, ತಿಪ್ಪಕ್ಕ ನಕ್ಕಿದ್ದು. ಅರ್ಪಿಸದೆ ಪ್ರಸಾದವೆಂದು ಕೊಡುವುದು ಅಪಚಾರವೆಂದು ಅವರಿಗೇ ಅನ್ನಿಸಿ ನಿಲ್ಲಿಸಿದರು. ಕೊನೆಗೆ ಅವರು ತಟ್ಟೆಯ ಮುಂದೆ ಕುಳಿತ ಕೂಡಲೇ ತಲೆತಗ್ಗಿಸಿ ಮೊದಲ ತುತ್ತನ್ನು ತಾವೇ ಬೇಗ ಎತ್ತಿಕೊಳ್ಳತೊಡಗಿದರು, ನಮ್ಮನ್ನು ಕಾಯಿಸಬಾರದೆಂಬ ಕರುಣೆಯಿಂದ. ಕಾಯುವುದು ತಪ್ಪಿದ್ದು ಕಾಯುವುದಕ್ಕಿಂತ ಹೆಚ್ಚು ಕಷ್ಟವಾಗಿತ್ತು.

ಅವರ ಕೆಲಸದಲ್ಲಿ ಲೋಪವಿರಲಿಲ್ಲ. ಸಾಹೇಬರು ಹೊಗಳುತ್ತಿದ್ದರು, ಮೇಷ್ಟ್ರುಗಳ ಬಾಕಿ ಸಂಬಳದ ಕಾಗದಗಳು ಅವರ ಕೈಯಿಂದ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದವು, ದಾರಿಯಲ್ಲಿ ಜನ ನಿಂತು ನಮಸ್ಕರಿಸುತ್ತಿದ್ದರು. ತಂದೆಯವರು ಮಾತ್ರ ದಿನೇದಿನೇ ತಗ್ಗಿದ ದನಿಯವರಾದರು. ನನ್ನ ಸ್ಲೇಟನ್ನು ಕೇಳಿ ಪಡೆದು ಅದರ ಮೇಲೆ ಏನೋ ಬರೆದು, ಅಂಗೈಯಿಂದ ಒರೆಸಿ, ಮತ್ತೆ ಬರೆಯುತ್ತಿದ್ದರು. ದೇವಸಮುದ್ರದ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು ಆಗಾಗ ಬಾಷಾಸಾಬರ ಮಾತನ್ನು ತರುತ್ತಿದ್ದ. ಸೈಕಲ್ಲು ಒಳಗೇ ಇದೆ, ಪ್ರತಿ ಶುಕ್ರವಾರ ನಮಾಜಿಗೆ ಮುಂಚೆ ಎರಡೂ ಚಕ್ರಕ್ಕೆ ಗಾಳಿ ತುಂಬಿಡುತ್ತೇನೆ, ಸ್ವಾಮಿಗಳು ಯಾವಾಗ ಬಂದರೂ ತುಳಿದುಕೊಂಡು ಹೋಗಬಹುದು ಎಂಬ ಮಾತು. ಒಮ್ಮೆ ತಂದೆಯವರು ಸಾಹೇಬರಲ್ಲಿ ತಮ್ಮನ್ನು ಶಾಲೆಗೆ ಕಳಿಸಬೇಕೆಂದು ಬೇಡಿದರು. ಅವರು ಬೆರಗಾಗಿ, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿ, ದಸರಾ ಮುಗಿಯಲಿ ನೋಡೋಣ ಎಂದರಂತೆ. ದಸರಾ ಮುಗಿಯುವ ಮೊದಲೇ ಆ ಸಾಹೇಬರಿಗೇ ವರ್ಗವಾಯಿತು. ಹೊಸಬರು ಬಂದವರೇ ಮೊದಲು ಕೇಳಿದ್ದು, ಈ ಅಕ್ಷರ ಯಾರದು ಎಂದು.

ಆ ಸಂಜೆ ಅಡುಗೆಮನೆಯಲ್ಲಿ ನಾನು ಕೇಳಿದ ಒಂದೇ ಜಗಳ ನಡೆಯಿತು. ಅವ್ವ ಎಂದೂ ಅತ್ತೆಗೆ ಎದುರಾಡಿದವಳಲ್ಲ. ಅಂದು ಒಲೆಯ ಕಡೆಗೇ ಮುಖ ಮಾಡಿಕೊಂಡು, ಮುದ್ದೆಯ ಕೋಲನ್ನು ನಿಲ್ಲಿಸದೆ, ಹೇಳಿದಳು.

"ನೆರಳು ಕೇಳಿದ್ರಿ ಅತ್ತೆ. ಕೊಟ್ಟ. ಆ ನೆರಳಾಗೆ ಅವರು ಒಣಗ್ತಾ ಅವ್ರೆ."

"ಬಿಸಿಲಾಗೆ ಬಿದ್ದು ಸತ್ತಿದ್ರೆ ನಿನಗೆ ಚೆಂದಿತ್ತೇನು?"

"ನಾನೂ ಅವತ್ತು ಆ ನೆರಳನ್ನೇ ಬೇಡಿದ್ದೆ ಬಿಡ್ರಿ," ಎಂದಳು ಅವ್ವ. ಅಲ್ಲಿಗೆ ಜಗಳ ಮುಗಿಯಿತು. ಅಳುವುದಕ್ಕೂ ಯಾರೂ ಬೇರೆ ಕೋಣೆಗೆ ಹೋಗಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ, ಸಂತೆಗೆ ಬಂದಿದ್ದ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದು ಕಟ್ಟೆಯ ಕೆಳಗೆ ನಿಂತಳು. ತಿಪ್ಪಕ್ಕನ ತಾಯಿ ಬೋರಮ್ಮ. ಸೆರಗಿನಲ್ಲಿ ಸ್ವಲ್ಪ ಅವರೆಕಾಯಿ ಕಟ್ಟಿ ತಂದಿದ್ದಳು. ತಂದೆಯವರು ಒಳಗೆ ಕರೆದರೂ ಪಡಸಾಲೆಯ ಅಂಚಿಗೆ ಮಾತ್ರ ಬಂದು ಕುಳಿತಳು. ಅಜ್ಜಿ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಉಳಿದಿರುವ ಒಬ್ಬ ಮೇಷ್ಟ್ರು ಎಲ್ಲ ತರಗತಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಏನು ಮಾಡಿಯಾರು, ಅವರದೇನೂ ತಪ್ಪಿಲ್ಲ ಎಂದು ಬೋರಮ್ಮ ಮೊದಲೇ ಹೇಳಿದಳು. ಹುಡುಗಿ ಕೆಲವು ದಿನ ಹೋದಳು, ಬಾಗಿಲ ಬಳಿ ಕುಳಿತಳು, ಮತ್ತೆ ಬಾಯಿ ಕಟ್ಟಿತು. ಈಗ ಕುರಿ ಹಿಂದೆ ಹೋಗುತ್ತಾಳೆ.

"ಮಾ ಪಾಪ ಬಡಿಗೆ ಹೋಗಾಕಿಲ್ಲ ಅಂತೈತೆ ಸ್ವಾಮೇರೆ. ಸಾರು ಬಂದ್ರೆ ಹೋಗ್ತೀನಿ ಅಂತೈತೆ. ನಾನೇ ಬೈದೆ. ಸಾರಿಗೆ ನೆಳ್ಳು ಸಿಕ್ಕೈತೆ, ಸುಮ್ನಿರೇ ಅಂದೆ. ಮೀರು ಚಲೋ ಇದ್ರೆ ಸಾಕು."

ಆಕೆ ಮಾ ಪಾಪ ಎಂದದ್ದು ತನ್ನ ಮಗಳಿಗೆ, ಬಡಿ ಎಂದದ್ದು ಶಾಲೆಗೆ, ಸಾರು ಎಂದದ್ದು ಮೇಷ್ಟ್ರಿಗೆ, ಮೀರು ಎಂದದ್ದು ನೀವು ಎಂಬುದಕ್ಕೆ. ದೂರಲು ಬಂದವಳಲ್ಲ, ಕ್ಷೇಮ ಕೇಳಲು ಬಂದವಳು. ತಂದೆಯವರು ಅವಳಿಗೆ ಏನನ್ನೂ ಭರವಸೆಯಾಗಿ ಹೇಳಲಾರದೆ, ಹುಡುಗಿಯ ಕೈಗೆ ಕೊಡಲು ನನ್ನ ಹೊಸ ಬಳಪಗಳನ್ನು ಕೇಳಿ ಪಡೆದು ಕಾಗದದಲ್ಲಿ ಸುತ್ತಿ ಕೊಟ್ಟರು. ಅವಳು ಹೋದ ಮೇಲೆ ಬಹಳ ಹೊತ್ತು ಅಜ್ಜಿ ಕಂಬ ಬಿಟ್ಟು ಕದಲಲಿಲ್ಲ. ತಾನು ಬೇಡಿದ ನೆರಳು ಯಾರ ತಲೆಯ ಮೇಲಿಂದ ಸರಿದು ಬಂದದ್ದೆಂದು ಅವಳಿಗೆ ಆಗ ತಿಳಿಯಿತು.

ಕಾರ್ತಿಕ ಬಂತು. ಹರಕೆ ತೀರಿಸುವ ಕಾಲ. ತಂದೆಯವರು ತುಪ್ಪ ಬತ್ತಿಗಳನ್ನು ಅಣಿಮಾಡಿಸಿ ಬೆಟ್ಟಕ್ಕೆ ಹೊರಡೋಣವೆಂದರು. ಅಜ್ಜಿ ಬರುವುದಿಲ್ಲವೆಂದಳು. ಮೊಣಕಾಲಿನ ನೋವೆಂದು ಮೊದಲು ಭಾವಿಸಿದೆವು. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ದೀಪ ಹಚ್ಚಿದರೆ ಕೊಟ್ಟದ್ದನ್ನು ತೆಗೆದುಕೊಂಡಂತೆ, ವ್ಯವಹಾರ ಮುಗಿದಂತೆ. ಹಚ್ಚದಿದ್ದರೆ ಅದಿನ್ನೂ ಅವನ ಕೈಯಲ್ಲೇ ಇದೆ, ಬೇಕಾದರೆ ಹಿಂತೆಗೆದುಕೊಳ್ಳಬಹುದು. ಬೇಡಿದ್ದನ್ನು ಪಡೆದು ದೀಪ ಹಚ್ಚದವರಿಂದ ದೇವರು ವರವನ್ನು ಕಿತ್ತುಕೊಳ್ಳುತ್ತಾನೆಂದು ಚಿಕ್ಕಂದಿನಿಂದ ಕೇಳಿ ಹೆದರಿದ್ದವಳು, ಈಗ ಅದೇ ಆಗಲಿ ಎಂದು ಕುಳಿತಿದ್ದಳು.

"ದೇವರ ಋಣ ಉಳಿಸ್ಕೋಬಾರ್ದವ್ವ," ಎಂದರು ತಂದೆಯವರು.

"ನಾನು ಉಳಿಸ್ಕೊಂಡಿಲ್ಲ. ಅವನೇ ವಾಪಸ್ ತಗೊಳ್ಳಲಿ ಅಂತ ಕಾಯ್ತಾ ಇದೀನಿ."

ಇದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ; ನಾನು ಆಮೇಲೆ ಹಲವು ಗ್ರಂಥಗಳನ್ನು ಓದಿದ್ದೇನೆ. ಕಾರ್ತಿಕ ಕಳೆಯಿತು. ಇನ್ನೊಂದು ಕಾರ್ತಿಕವೂ ಕಳೆಯಿತು. ಅಜ್ಜಿ ಮಜ್ಜಿಗೆ ಮುಟ್ಟಲಿಲ್ಲ, ದೀಪ ಹಚ್ಚಲಿಲ್ಲ. ಊಟದ ಕೊನೆಯಲ್ಲಿ ಬರಿ ಅನ್ನಕ್ಕೆ ನೀರು ಹಾಕಿಕೊಂಡು ಉಣ್ಣುವಳು. ಸಾಹೇಬರು ಬಂದರು, ಹೋದರು. ತಂದೆಯವರ ಕುರ್ಚಿ ಮಾತ್ರ ಅಲ್ಲಾಡಲಿಲ್ಲ. ಕೊಟ್ಟವನೂ ಹಟ ಹಿಡಿದಿದ್ದ, ಪಡೆದವಳೂ ಹಟ ಹಿಡಿದಿದ್ದಳು, ನಡುವೆ ನಮ್ಮ ತಂದೆಯವರು.

ಆಮೇಲೊಂದು ಸಂಜೆ ತಂದೆಯವರು ಮನೆಗೆ ಬಂದಾಗ ಅಜ್ಜಿ ನಡುಮನೆಯ ಬೆಳಕಿಂಡಿಯ ಕೆಳಗೆ ನನ್ನ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಹಣೆಗೆ ಹೊಸದಾಗಿ ವಿಭೂತಿ ಇಟ್ಟುಕೊಂಡಿದ್ದಳು, ಶಾಲೆಗೆ ಮೊದಲ ದಿನ ಹೋಗುವ ಮಕ್ಕಳಂತೆ. ತನಗೆ ಅಕ್ಷರ ಕಲಿಸಬೇಕೆಂದು ಮಗನನ್ನು ಕೇಳಿದಳು. ತಂದೆಯವರು ಕೈಕಾಲು ತೊಳೆದು ಬಂದು ತಾಯಿಯ ಹಿಂದೆ ಕುಳಿತು, ಅವಳ ಸುಕ್ಕುಗಟ್ಟಿದ ಬೆರಳುಗಳನ್ನು ಹಿಡಿದು ಒಂದು ಅಕ್ಷರವನ್ನು ತಿದ್ದಿಸಿದರು. ಅಂದು ಬಹಳ ಕಾಲದ ಮೇಲೆ ಮುದ್ದೆಯ ಮುಂದೆ ಅವರ ಬಾಯಿ ತೆರೆಯಿತು. ನಮ್ಮವ್ವ ಇವತ್ತು ಗ ಬರೆದಳು ಎಂದರು. ಅಜ್ಜಿ ಹೆಮ್ಮೆಯಿಂದ ನಮ್ಮನ್ನೆಲ್ಲ ನೋಡಿದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೆ ಮರುದಿನಕ್ಕೆ ಆ ಅಕ್ಷರ ಅಜ್ಜಿಯ ಕೈಯಿಂದ ಜಾರಿಹೋಗಿತ್ತು. ಮತ್ತೆ ಅದೇ ಗ. ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಅವಳು ಬೆವರುತ್ತ, ಹಲ್ಲು ಕಚ್ಚಿ ತಿದ್ದುತ್ತಿದ್ದಳು. ಪ್ರತಿ ಸಂಜೆ ಅದೇ ಪಾಠ, ಪ್ರತಿ ಊಟಕ್ಕೂ ಅದೇ ಪ್ರಸಾದ. ಒಂದು ದಿನ ತಂದೆಯವರು ಅವಳ ಬೆರಳುಗಳ ನಡುವಿಂದ ಬಳಪವನ್ನು ಮೆಲ್ಲಗೆ ಬಿಡಿಸಿಕೊಂಡರು.

"ಸಾಕವ್ವ. ನೀನು ನನಗೋಸ್ಕರ ಕಲೀತಾ ಇದೀಯ. ಆ ಮಕ್ಕಳು ಯಾರೂ ನನಗೋಸ್ಕರ ಕಲೀತಿರಲಿಲ್ಲ."

ಅಜ್ಜಿ ಅವರ ಮುಖವನ್ನು ನೋಡಿದಳು. ಆ ಮಾತು ಗದರಿಕೆಯಲ್ಲ, ಬೇಡಿಕೆಯೂ ಅಲ್ಲ. ಮರಳ ಮೇಲೆ ತನ್ನದೇ ಮಾತನ್ನು ಕಂಡು ತಲೆಯೆತ್ತಿದ ಹುಡುಗಿ ಮೇಷ್ಟ್ರನ್ನು ಮೆಚ್ಚಿಸಲು ಓದಿರಲಿಲ್ಲ. ಆ ಕ್ಷಣದಲ್ಲಿ ಅವಳಿಗೆ ಮೇಷ್ಟ್ರು ಇದ್ದದ್ದೇ ಮರೆತಿತ್ತು. ಆ ಮರೆವೇ ಅವರಿಗೆ ಸಂದ ಸಂಬಳ. ಅದನ್ನು ತಾಯಿಯಾದವಳೂ ಕೊಡಲಾರಳು. ಇಷ್ಟನ್ನು ನಾನು ಅಂದು ಅರಿತೆನೆಂದು ಹೇಳಲಾರೆ. ಅಜ್ಜಿ ಅರಿತಳು. ಸ್ಲೇಟನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ಸೋಮವಾರ ಬೆಟ್ಟಕ್ಕೆ ಹೋಗೋಣ ಎಂದಳು.

ಸಿದ್ದಾಪುರದವರೆಗೆ ಬಸ್ಸು, ಅಲ್ಲಿಂದ ಬೆಟ್ಟದ ಬುಡಕ್ಕೆ ಎತ್ತಿನ ಗಾಡಿ. ಬಂಡೆಗಳ ನಡುವೆ ಮೇಲೇರುವ ಮೆಟ್ಟಿಲುಗಳನ್ನು ಅಜ್ಜಿ ಒಂದೊಂದರ ಮೇಲೂ ಕುಳಿತು ಎದ್ದು ಹತ್ತಿದಳು. ತಂದೆಯವರು ಎತ್ತಿಕೊಳ್ಳುತ್ತೇನೆಂದರೆ ಒಪ್ಪಲಿಲ್ಲ. ಗರ್ಭಗುಡಿಯ ಮುಂದೆ ಅವ್ವ ಸೆರಗು ಮರೆಮಾಡಿ ಗಾಳಿ ತಡೆದಳು, ನಾನು ತುಪ್ಪ ಹೊಯ್ದೆ, ಅಜ್ಜಿ ದೀಪ ಹಚ್ಚಿದಳು. ಮಗನ ವಿಷಯವನ್ನು ಅವಳು ಎತ್ತಲಿಲ್ಲ. ಎಲ್ಲರಿಗೂ ಕೇಳುವಂತೆ, ಮನೆಯ ಹಿರಿಯನೊಡನೆ ಮಾತಾಡುವ ದನಿಯಲ್ಲಿ ಹೇಳಿದಳು.

"ನಿನ್ನದು ನಿನಗೆ ಸಂದಾಯ ಆಯ್ತು. ಇನ್ನು ಆ ಕೂಸಿಗೆ ಯಾರಾದ್ರೂ ಒಬ್ಬರನ್ನ ಕಳಿಸು. ನನ್ನ ಮಗನೇ ಆಗಬೇಕಂತಿಲ್ಲ."

ಗಂಟೆ ತಾನಾಗಿ ಮೊಳಗಲಿಲ್ಲ, ಹೂ ಬೀಳಲಿಲ್ಲ. ಕೆಳಗೆ ಬಂಡೆಗಳ ನಡುವೆ ಯಾರದೋ ಕುರಿಮಂದೆ ನಡೆದುಹೋಗುತ್ತಿತ್ತು. ತಂದೆಯವರು ಆ ಮಂದೆಯ ಹಿಂದಿದ್ದವರನ್ನು ಕಣ್ಣು ಕಿರಿದುಮಾಡಿ ನೋಡುತ್ತ ಬಹಳ ಹೊತ್ತು ನಿಂತಿದ್ದರು. ತಿಪ್ಪಕ್ಕನ ಊರು ಅಲ್ಲಿಗೆ ಬಹಳ ದೂರ. ಅದು ಅವರಿಗೂ ಗೊತ್ತಿತ್ತು.

ಮರುವಾರ ತಂದೆಯವರು ಬಾಷಾಸಾಬರಿಗೆ ಹೇಳಿಕಳಿಸಿದರು, ಸೈಕಲ್ಲನ್ನು ಶಾಲೆಯಲ್ಲಿರುವ ಆ ಒಬ್ಬ ಮೇಷ್ಟ್ರಿಗೆ ಕೊಟ್ಟುಬಿಡಿ, ಅವರು ನಡೆದು ಹೋಗುತ್ತಾರಂತೆ ಎಂದು. ತಂದೆಯವರು ಮತ್ತೆ ಆ ಶಾಲೆಗೆ ಹೋಗಲಿಲ್ಲ, ಬೇರೆ ಶಾಲೆಗೂ ಹೋಗಲಿಲ್ಲ. ಆ ಕುರ್ಚಿಯಲ್ಲೇ ನಿವೃತ್ತರಾದರು. ಅಂದು ಹಾರ ಹಾಕಿದವರೆಲ್ಲ ಅವರನ್ನು ಅದೃಷ್ಟವಂತರೆಂದರು. ತಿಪ್ಪಕ್ಕ ಮರಳಿ ಶಾಲೆಗೆ ಹೋದಳೇ, ಗೊರ್ರೆಯ ಮುಂದೆ ಇನ್ನೇನಾದರೂ ಬರೆದಳೇ ಎಂಬುದು ನಮಗೆ ತಿಳಿಯಲಿಲ್ಲ. ಬೋರಮ್ಮ ಮತ್ತೆ ಸಂತೆಯಲ್ಲಿ ಕಾಣಲಿಲ್ಲ. ಆ ಸೋಮವಾರ ಬೆಟ್ಟದಿಂದ ಬಂದ ಸಂಜೆ ಅವ್ವ ಕಂಚಿನ ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಮಜ್ಜಿಗೆ ಬಡಿಸಿದಳು. ಅಜ್ಜಿ ಅದನ್ನು ಕೈಗೆತ್ತಿಕೊಂಡು, ರೂಢಿಯಂತೆ ಮಗನ ಕಡೆ ನೋಡಿ, ಏನೋ ಕೇಳಲು ಬಾಯಿ ತೆರೆದು, ಕೇಳದೆ ಕುಡಿದಳು.

ಅಕ್ಷರವನ್ನು ಮೆಚ್ಚಿ ಅಕ್ಷರದವನನ್ನು ಎರವಲು ಪಡೆದ ಸಾಹೇಬರುಗಳಿಗೆ ಒಳ್ಳೆಯದಾಗಲಿ. ಅವರು ಕೇಡು ಬಗೆದವರಲ್ಲ. ಕಟ್ಟೆಯ ಮೇಲೆ ಕೂತು ನೀರಿಗಾಗಿ ನೆರಳಿಗಾಗಿ ಹಂಬಲಿಸಿದ ಮೇಷ್ಟ್ರುಗಳಿಗೆ ಅವೆರಡೂ ಸಿಕ್ಕಿರಲಿ. ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಹೊತ್ತ ಆ ಒಬ್ಬರ ಸೈಕಲ್ಲಿಗೆ ಮುಳ್ಳು ಚುಚ್ಚದಿರಲಿ. ಶುಕ್ರವಾರಗಳಂದು ಗಾಳಿ ತುಂಬಿದ ಬಾಷಾಸಾಬರ ಮನೆತನ ತಂಪಾಗಿರಲಿ. ತಪ್ಪು ವರವನ್ನು ಪೂರ್ಣ ಪ್ರೀತಿಯಿಂದ ಬೇಡಿದ ನನ್ನ ಅಜ್ಜಿಗೆ, ಒಲೆಯ ಕಡೆ ಮುಖ ಮಾಡಿ ಸತ್ಯ ನುಡಿದ ನನ್ನ ಅವ್ವನಿಗೆ, ಮೊದಲ ತುತ್ತನ್ನು ತಾವೇ ಎತ್ತಿಕೊಂಡು ನಮ್ಮ ಕಾಯುವಿಕೆಯನ್ನು ಕಳೆದ ನನ್ನ ತಂದೆಯವರಿಗೆ ಶಿವಸಾನ್ನಿಧ್ಯ ದೊರಕಿರಲಿ. ಮೊನ್ನೆ ಬಂದ ಆ ತರುಣಿಗೆ ಅವಳ ಉತ್ತರ ಯಾವುದಾದರೂ ಶಾಲೆಯ ಬಾಗಿಲಲ್ಲಿ ಸಿಗಲಿ. ಗಡಿಯ ಯಾವ ಮಗ್ಗುಲಲ್ಲಿ, ಯಾವ ಮನೆಯಲ್ಲಿ ತಿಪ್ಪಕ್ಕ ಇಂದು ತನ್ನವರಿಗೆ ಮುದ್ದೆ ಬಡಿಸುತ್ತಿದ್ದಾಳೋ, ಆ ಮನೆಯಲ್ಲಿ ಮೊದಲ ತುತ್ತಿಗೆ ಮುನ್ನ ಹೇಳಿಕೊಳ್ಳಲು ಯಾವುದಾದರೂ ಮಗು ಕಲಿತ ಸಂಗತಿಯೊಂದು ದಿನವೂ ಇರಲಿ.